ಏಳು ದಾಳಿಂಬೆ, ಎರಡು ಕೆಂಪು ಬಾವುಟ

ರೈಲ್ವೆ ಗೇಟಿಗೆ ಮನುಷ್ಯರು ಇರುತ್ತಿದ್ದ ಕಾಲ ಅದು. ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತವೆ. ಗಾಡಿ ಬರುವ ಮುಂಚೆ ಫೋನು ಹೊಡೆದುಕೊಳ್ಳುತ್ತಿತ್ತು. ಒಬ್ಬರು ಎದ್ದು ಹೋಗಿ, ಹಿಡಿ ತಿರುಗಿಸಿ, ರಸ್ತೆಗೆ ಅಡ್ಡಲಾಗಿ ಕಂಬ ಇಳಿಸುತ್ತಿದ್ದರು. ಬೈಕಿನವರು, ಎತ್ತಿನ ಗಾಡಿಯವರು ಎಲ್ಲರೂ ಅವರನ್ನೇ ಬೈದುಕೊಂಡು ನಿಲ್ಲುತ್ತಿದ್ದರು. ಹಾಗೆ ಬೈಸಿಕೊಂಡು ಸುಮ್ಮನಿರುತ್ತಿದ್ದವರಲ್ಲಿ ನಮ್ಮಪ್ಪನೂ ಒಬ್ಬ.

ಚಿಕ್ಕಜಾಜೂರಿನಿಂದ ಚಿತ್ರದುರ್ಗದ ಕಡೆ ಹೋಗುವ ಒಂಟಿ ಹಳಿಯ ಮೇಲೆ ನಮ್ಮ ಗೇಟು. ಗೇಟಿನ ಪಕ್ಕ ಅಪ್ಪ ಕೂರುವ ಕೋಣೆ, ಅದರ ಹಿಂದೆ ನಮ್ಮ ಪುಟ್ಟ ಮನೆ, ಮನೆಯ ಹಿಂದೆ ಅವ್ವನ ಹಿತ್ತಲು. ಹಗಲು ಪಾಳಿ ಅಪ್ಪನದು. ರಾತ್ರಿಗೆ ಬೇರೆಯವರು ಊರಿನಿಂದ ಬರುತ್ತಿದ್ದರು. ಹಾಗಾಗಿ ಇಡೀ ಹಗಲು ಅಪ್ಪ ನನ್ನ ಕಣ್ಣಳತೆಯಲ್ಲೇ ಇರುತ್ತಿದ್ದ. ಮಧ್ಯಾಹ್ನ ಮುದ್ದೆ, ಹುರುಳಿ ಸಾರು ಕೋಣೆಯ ಬಾಗಿಲಿಗೇ ಹೋಗುತ್ತಿತ್ತು. ಎರಡು ಗಾಡಿಗಳ ನಡುವೆ ಅಪ್ಪ ನನ್ನ ಜೊತೆ ಚೌಕಾಬಾರ ಆಡುತ್ತಿದ್ದ. ಫೋನು ಹೊಡೆದರೆ ಕವಡೆ ಅಲ್ಲೇ ಬಿಟ್ಟು ಎದ್ದು ಹೋಗುವನು. ನಾನು ಆ ಗ್ಯಾಪಿನಲ್ಲಿ ಒಂದು ಕಾಯಿ ಮುಂದೆ ತಳ್ಳುತ್ತಿದ್ದೆ. ಬಂದವನು ನೋಡಿ, "ಲೇ ರೇಣಿ, ಗಾಡಿಗಿಂತ ನಿನ್ ಕಾಯಿನೇ ಜೋರಾಗಿ ಓಡ್ತೈತಲ್ಲೇ" ಅನ್ನುತ್ತಿದ್ದ.

ಇನ್ನು ಅಳಿಲಿನ ವಿಷಯ. ಅಳಿಲು ಎಷ್ಟು ಮುದ್ದು ಎನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವರ್ಯಾರೂ ಹಿತ್ತಲು ಮಾಡಿದವರಲ್ಲ. ಶ್ರೀರಾಮ ಬೆನ್ನು ಸವರಿದ ಕಥೆಯನ್ನು ನಮ್ಮ ಮೇಷ್ಟ್ರು ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಿದ್ದರು. ರಾಮನಿಗೇನು, ಅವನಿಗೆ ದಾಳಿಂಬೆ ಗಿಡ ಇರಲಿಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ನಮಗಿತ್ತು. ಮೂರು ವರ್ಷ ಬೋರ್‌ವೆಲ್ಲಿನಿಂದ ಕೊಡ ಕೊಡ ನೀರು ಹೊತ್ತು ಅವ್ವ ಸಾಕಿದ ಗಿಡ. ಆ ವರ್ಷವೇ ಅದು ಮೊದಲ ಸಲ ಕಾಯಿ ಕಚ್ಚಿತ್ತು. ನಮ್ಮಲ್ಲಿ ಮೊದಲ ಫಲ ಮನೆದೇವರಿಗೆ. ಅದೂ ಗಿಡದಲ್ಲೇ ಹಣ್ಣಾಗಬೇಕು, ಹಸಿಗಾಯಿ ಕಿತ್ತು ಇಡುವಂತಿಲ್ಲ. ದೇವರಿಗೆ ಕೊಡುವ ತನಕ ನಮ್ಮ ಬಾಯಿಗೂ ಇಲ್ಲ. ಈ ಕಟ್ಟಳೆ ನಮಗೆ ಗೊತ್ತಿತ್ತು, ಅಳಿಲಿಗೆ ಗೊತ್ತಿರಲಿಲ್ಲ. ಕಾಯಿಗೆ ಕೆಂಪು ತಿರುಗಿದ್ದೇ ತಡ, ಹೆಬ್ಬೆರಳಗಲ ತೂತು ಕೊರೆದು, ಒಳಗಿನ ಕಾಳನ್ನೆಲ್ಲ ತಿಂದು, ಖಾಲಿ ಬುರುಡೆಯನ್ನು ನೇತಾಡಲು ಬಿಟ್ಟು ಹೋಗುತ್ತಿದ್ದವು. ದೂರದಿಂದ ನೋಡಿದರೆ ಹಣ್ಣು ಇದ್ದ ಹಾಗೇ ಕಾಣುತ್ತಿತ್ತು. ಹತ್ತಿರ ಹೋಗಿ ಕೈಲಿ ಹಿಡಿದರೆ ಹಗುರ.

ಅವ್ವ ಬಿಡುವವಳಲ್ಲ. ಕಿತ್ತುಹೋದ ಕ್ಯಾಸೆಟ್ಟಿನ ರೀಲನ್ನು ಗಿಡದ ಸುತ್ತ ಎಳೆದಳು. ಎರಡು ದಿನ ಪಟಪಟ ಅಂತು, ಮೂರನೇ ದಿನ ಅಳಿಲುಗಳು ಅದರ ಕೆಳಗೇ ನುಗ್ಗಿ ಬಂದವು. ಮೆಣಸಿನಕಾಯಿ, ಬೆಳ್ಳುಳ್ಳಿ ಅರೆದು ಕಾಯಿಗೆ ಬಳಿದಳು. ಮಳೆ ಬಂದು ತೊಳೆದುಕೊಂಡು ಹೋಯಿತು, ಕೈ ಉರಿ ಮಾತ್ರ ಅವ್ವನಿಗೆ ಉಳಿಯಿತು. ಹಳೇ ಸೀರೆ ಹರಿದು ಕಾಯಿಗಳಿಗೆ ಚೀಲ ಕಟ್ಟಿದಳು. ಹಾಳಾದವು ಆ ಬಟ್ಟೆಯನ್ನೂ ಕಚ್ಚಿ, ನೂಲೆಳೆದು, ಗೂಡಿಗೆ ಹಾಸಿಗೆ ಮಾಡಿಕೊಂಡವು. ಇಪ್ಪತ್ತೆಂಟು ಕಾಯಿಗಳಲ್ಲಿ ಏಳು ಉಳಿದಾಗ ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ಇವುಗಳ ವಂಶ ಹಾಳಾಗ! ಮೂರು ವರ್ಸ ನೀರು ಹೊತ್ತಿದ್ದು ಇವುಕ್ಕೆ ತಿನ್ಸಾಕಾ? ಇನ್ನೊಂದು ಕಾಯಿ ಹೋಗ್ಲಿ, ಗಿಡಾನೇ ಕಡಿದು ಒಲಿಗೆ ಹಾಕ್ತೀನಿ" ಅಂದಳು. ಅವ್ವ ಒಮ್ಮೆ ಅಂದರೆ ಮಾಡುವವಳೇ.

ಹಳಿಯ ಬದಿಗೆ ಕುರಿ ಮೇಯಿಸುತ್ತಿದ್ದ ಈರಜ್ಜ ದಿನಾ ನಮ್ಮಲ್ಲಿ ನೀರು ಕುಡಿಯಲು ಬರುತ್ತಿದ್ದ. ಅವನು ಸೀರೆಯ ಚೂರು ನೋಡಿ ನಕ್ಕ. "ಇಂಥ ತೆಳ್ಳಂದಕ್ಕೆ ನಿಲ್ತಾವೇನವ್ವ ಅವು? ದಪ್ಪಂದು ಕಟ್ಟಬೇಕು, ಗಟ್ಟಿ ನೇಯ್ಗೇದು." ಅಷ್ಟು ಹೇಳಿ ಕುರಿ ಹೊಡೆದುಕೊಂಡು ಹೋದ. ಆ ಮಾತು ನನ್ನ ತಲೆಯಲ್ಲೇ ಉಳಿಯಿತು.

ದಪ್ಪ ಬಟ್ಟೆ ನಮ್ಮ ಮನೆಯಲ್ಲಿ ಒಂದೇ ಕಡೆ ಇತ್ತು. ಅಪ್ಪನ ಮೇಜಿನ ಕೆಳಗೆ ತಗಡಿನ ಪೆಟ್ಟಿಗೆ. ಅದರಲ್ಲಿ ಕೈದೀಪ, ಹಳಿಗೆ ಕಟ್ಟುವ ಪಟಾಕಿಯ ಡಬ್ಬಿ, ಒಂದು ಹಸಿರು ಬಾವುಟ, ಎರಡು ಕೆಂಪು ಬಾವುಟ. ಪಟಾಕಿ ಅಂದರೆ ದೀಪಾವಳಿಯದಲ್ಲ. ಅದರ ಮೇಲೆ ಗಾಲಿ ಹತ್ತಿದರೆ ಸಿಡಿದು ಡ್ರೈವರನಿಗೆ ಎಚ್ಚರಿಕೆ ಕೊಡುವಂಥದ್ದು. ಅಪ್ಪ ನನಗೆ ನೂರು ಸಲ ಹೇಳಿದ್ದ. "ಈ ಪೆಟ್ಗೆ ಮಾತ್ರ ಮುಟ್ಟಬ್ಯಾಡ ಕಣವ್ವ. ಇದ್ರಾಗೆ ಒಂದು ಹೆಚ್ಚುಕಮ್ಮಿ ಆದ್ರೆ ಗೇಟು ಹೋದಂಗೆ, ಗೇಟು ಹೋದ್ರೆ ಮನೇನೂ ಹೋದಂಗೆ."

ಆದರೆ ನಾನು ಹುಟ್ಟಿದಾಗಿನಿಂದ ನೋಡಿದ್ದೇನು? ಪ್ರತಿ ಗಾಡಿಗೂ ಅಪ್ಪ ಹಿಡಿಯುತ್ತಿದ್ದುದು ಹಸಿರು. ಅದು ಬಿಸಿಲಿಗೆ ಬಣ್ಣ ಹೋಗಿ ಒಣಗಿದ ಹುಲ್ಲಿನಂತಾಗಿತ್ತು. ಕೆಂಪು ಬಾವುಟ ಬಿಚ್ಚಿದ್ದನ್ನು ನಾನು ಒಂದು ದಿನವೂ ಕಂಡಿರಲಿಲ್ಲ. ಎರಡೂ ಕೋಲಿಗೆ ಸುತ್ತಿಕೊಂಡು, ದಾರ ಕಟ್ಟಿಸಿಕೊಂಡು, ಹೊಸದಾಗಿ ಹೊಳೆಯುತ್ತ ಸುಮ್ಮನೆ ಮಲಗಿದ್ದವು. ಯಾರಿಗೂ ಬೇಡದ ಬಟ್ಟೆ ಎಂದು ನನ್ನ ಹತ್ತು ವರ್ಷದ ಬುದ್ಧಿಗೆ ಖಾತ್ರಿಯಾಗಿ ಹೋಯಿತು.

ದಸರಾ ರಜೆಯ ಒಂದು ಬೆಳಗ್ಗೆ ಅವ್ವ ಹೊಳಲ್ಕೆರೆಯ ತಮ್ಮನ ಮನೆಗೆ ಹೋದಳು. ಅಪ್ಪ ಗೇಟಿನ ಕಂಬಕ್ಕೆ ಎಣ್ಣೆ ಹಾಕುತ್ತಿದ್ದ. ನಾನು ಕೆಂಪು ಬಾವುಟ ಒಂದನ್ನು ಎತ್ತಿಕೊಂಡು ಬಂದು ಕತ್ತರಿ ಹಾಕಿದೆ. ನಾಲ್ಕು ಚೀಲ ಆದವು. ಇನ್ನೂ ಮೂರು ಕಾಯಿ ನನ್ನನ್ನೇ ನೋಡುತ್ತಿದ್ದವು. ಆಸೆ ಅನ್ನುವುದು ನಾಲ್ಕಕ್ಕೆ ನಿಲ್ಲುತ್ತದೆಯೇ? ಎರಡನೆಯದನ್ನೂ ತಂದೆ. ಕಳ್ಳಬುದ್ಧಿ ಹೇಗೆ ಬಂತೋ ಕಾಣೆ, ಎರಡು ಕೋಲಿಗೂ ಅಪ್ಪನ ಹಳೇ ನೀಲಿ ಚೌಕುಳಿ ಲುಂಗಿಯ ತುಂಡು ಸುತ್ತಿ, ಉಳಿದ ಕೆಂಪು ಪಟ್ಟಿ ಮೇಲೆ ಬರುವಂತೆ ದಾರ ಕಟ್ಟಿ, ಇದ್ದ ಹಾಗೇ ಪೆಟ್ಟಿಗೆಯಲ್ಲಿಟ್ಟೆ. ಏಳು ಕಾಯಿಗೆ ಏಳು ಕೆಂಪು ಚೀಲ. ಒಂದು ಅಳಿಲು ಬಂದು ಮೂಸಿ ನೋಡಿ, ಬಾಲ ಕುಣಿಸಿ ವಾಪಸ್ಸು ಹೋಯಿತು. ಅಬ್ಬ, ಆಗ ನನಗಾದ ಹೆಮ್ಮೆ! ಬಟ್ಟೆ ಎಲ್ಲಿಯದು ಅಂತ ಅವ್ವ ಕೇಳಿದರೆ ಸ್ಕೂಲಿನಲ್ಲಿ ಕೊಟ್ಟರು ಅನ್ನುವುದೆಂದು ಸುಳ್ಳನ್ನೂ ಸಿದ್ಧ ಮಾಡಿಕೊಂಡೆ.

ಊಟ ಮುಗಿದು ಅಪ್ಪ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ ಫೋನು ಹೊಡೆಯಿತು. ಪ್ಯಾಸೆಂಜರ್ ಗಾಡಿ ಚಿಕ್ಕಜಾಜೂರು ಬಿಟ್ಟಿತ್ತು. ಅಪ್ಪ ಎದ್ದು ಹೋಗಿ ಹಿಡಿ ತಿರುಗಿಸಲು ಶುರು ಮಾಡಿದ. ಕಂಬ ಅರ್ಧ ಇಳಿದಿತ್ತು. ಅಷ್ಟರಲ್ಲಿ ಮೆಕ್ಕೆಜೋಳದ ಚೀಲ ತುಂಬಿದ ಟ್ರ್ಯಾಕ್ಟರ್ ಒಂದು, "ಒಂದ್ನಿಮ್ಸ ಅಣ್ಣೋ!" ಎಂದು ಕೂಗುತ್ತ ಕಂಬದಡಿ ನುಗ್ಗಿಯೇ ಬಿಟ್ಟಿತು. ಇಂಜಿನ್ನು ಹಳಿ ದಾಟಿತು. ಟ್ರೈಲರಿನ ಕೊಂಡಿ ಠಳ್ಳೆಂದು ಕಿತ್ತುಕೊಂಡಿತು. ಟ್ರೈಲರು ಮೂತಿ ಊರಿಕೊಂಡು ಸರಿಯಾಗಿ ಹಳಿಯ ಮೇಲೆ ಕೂತುಬಿಟ್ಟಿತು.

ಟ್ರ್ಯಾಕ್ಟರಿನವನು ಇಳಿದು ಹೆಗಲು ಕೊಟ್ಟು ತಳ್ಳಿದ, ಅಪ್ಪ ತಳ್ಳಿದ. ಅದು ಕಮಕ್ಕಿಮಕ್ಕೆನ್ನಲಿಲ್ಲ. ಅಪ್ಪ ಕೋಣೆಗೆ ಓಡಿ ಬಂದ. ಪಟಾಕಿ ಡಬ್ಬಿ ಕಂಕುಳಿಗೆ ಸಿಕ್ಕಿಸಿ, ಎರಡು ಕೆಂಪು ಬಾವುಟ ಕೈಗೆತ್ತಿಕೊಂಡು, "ರೇಣಿ, ಹಳಿ ಹತ್ರ ಬರಬ್ಯಾಡ!" ಎಂದು ಕೂಗುತ್ತ ಗಾಡಿ ಬರುವ ದಿಕ್ಕಿಗೆ ಓಡಿದ.

ಅಪ್ಪಾ ಅನ್ನಲು ಬಾಯಿ ತೆರೆದೆ, ದನಿ ಹೊರಡಲಿಲ್ಲ. ಅಪ್ಪನ ಕೈಯಲ್ಲಿ ಇರುವುದು ಲುಂಗಿ ಎಂದು ಗೊತ್ತಿದ್ದ ಒಂದೇ ಒಂದು ಜೀವ ನಾನು. ಹಿತ್ತಲಿಗೆ ಓಡಿದೆ. ಚೀಲ ಬಿಚ್ಚಲು ಹೋದರೆ ನಾನೇ ಹಾಕಿದ ಗಂಟು ನನಗೇ ಬಿಚ್ಚಲಿಲ್ಲ. ಮೂರು ಚೀಲ ಒಟ್ಟಿಗಿದ್ದ ಕೊಂಬೆಯನ್ನೇ ಜಗ್ಗಿ ಮುರಿದೆ. ಮುಳ್ಳು ಅಂಗೈ ಸೀಳಿದ್ದು ಆಗ ಗೊತ್ತಾಗಲೇ ಇಲ್ಲ. ಕೊಂಬೆ ಹಿಡಿದು, ಬರಿಗಾಲಿನಲ್ಲಿ, ಜಲ್ಲಿಕಲ್ಲಿನ ಮೇಲೆ ಅಪ್ಪನ ಹಿಂದೆ ಓಡಿದೆ.

ತಿರುವಿನಾಚೆ ಗಾಡಿ ಕೂಗಿತು. ಪಟಾಕಿ ಕಟ್ಟುತ್ತ ಕೂರುವಷ್ಟು ಹೊತ್ತಿರಲಿಲ್ಲ. ಅಪ್ಪ ನಿಂತ. ಒಂದು ಬಾವುಟದ ದಾರ ಹಲ್ಲಿನಲ್ಲಿ ಕಚ್ಚಿ ಕಿತ್ತು, ಕೋಲನ್ನು ಜಾಡಿಸಿದ. ನೀಲಿ ಚೌಕುಳಿ ಗಾಳಿಗೆ ಬಿಚ್ಚಿಕೊಂಡಿತು. ಅಪ್ಪ ಅದನ್ನು ನೋಡಿದ. ಇನ್ನೊಂದನ್ನು ಬಿಚ್ಚಿದ, ಅದನ್ನೂ ನೋಡಿದ. ಆಮೇಲೆ ಎರಡನ್ನೂ ಬಿಸಾಕಿ, ಎರಡು ಕೈ ಮೇಲೆತ್ತಿ, ಹಳಿಯ ನಡುವೆ ನಿಂತು ಕಿರುಚತೊಡಗಿದ. ಗಾಡಿ ತಿರುವು ದಾಟಿ ಕಾಣಿಸಿಕೊಂಡಿತು. ಅದರ ವೇಗ ಒಂದಿಷ್ಟೂ ಇಳಿಯಲಿಲ್ಲ. ಹಳ್ಳಿಯ ಕಡೆ ಗಾಡಿಗೆ ಕೈ ಬೀಸುವವರು ಎಷ್ಟು ಜನವೋ, ಡ್ರೈವರು ಅವರಲ್ಲಿ ಇವನೂ ಒಬ್ಬ ಅಂದುಕೊಂಡಿರಬೇಕು.

"ಅಪ್ಪಾ! ತಗ! ಇಲ್ಲೈತೆ!" ಆಗ ಬಂತು ನನಗೆ ದನಿ.

ಅಪ್ಪ ಕೊಂಬೆ ಕಸಿದುಕೊಂಡ. ಏನು, ಯಾಕೆ ಒಂದೂ ಕೇಳಲಿಲ್ಲ. ನನ್ನನ್ನು ಹಳಿಯಾಚೆಗೆ ದಬ್ಬಿ, ಮೂರು ಕೆಂಪು ಗಂಟು ನೇತಾಡುವ ಆ ದಾಳಿಂಬೆ ಕೊಂಬೆಯನ್ನು ತಲೆಯ ಮೇಲೆ ಹುಚ್ಚು ಹಿಡಿದವನಂತೆ ಬೀಸಿದ. ಗಾಡಿ ಚೀರಿತು. ಗಾಲಿಗಳಿಂದ ಕಿಡಿ ಹಾರಿತು, ಸುಟ್ಟ ಕಬ್ಬಿಣದ ವಾಸನೆ ಮೂಗಿಗೆ ಹೊಡೆಯಿತು. ಉಜ್ಜಿಕೊಂಡು, ಉಜ್ಜಿಕೊಂಡು ಬಂದು ಅಪ್ಪನಿಂದ ಹತ್ತು ಹೆಜ್ಜೆ ಆಚೆ ನಿಂತಿತು. ಅಪ್ಪ ಅಲ್ಲೇ ಹಳಿಯ ಮೇಲೆ ಕುಸಿದು ಕೂತ.

ಡ್ರೈವರು ಇಳಿದು ಬಂದರು. ದೂರದಲ್ಲಿ ಹಳಿಯ ಮೇಲಿದ್ದ ಟ್ರೈಲರು ನೋಡಿ ಅವರ ಮುಖ ಬಿಳಿಚಿಕೊಂಡಿತು. "ಎಷ್ಟು ಜೀವ ಉಳಿಸಿದ್ರಿ ಯಜಮಾನ್ರೆ" ಅಂದರು. ಆಮೇಲೆ ಕೊಂಬೆ ನೋಡಿ, "ಇದೇನ್ರಿ? ಬಾವುಟ ಎಲ್ಲಿ?" ಎಂದು ಕೇಳಿದರು. ಅಪ್ಪ ಕೊಂಬೆಯನ್ನು ಪಕ್ಕಕ್ಕೆ ಸರಿಸಿದ. "ನಾನು ಇದನ್ನ ಬರೀಲೇಬೇಕು ಕಣ್ರಿ. ಬರೀದಿದ್ರೆ ನನ್ ತಲೆಗೆ ಬರ್ತೈತೆ" ಎಂದು ಬೇಜಾರಿನಿಂದಲೇ ಹೇಳಿ ಹೋದರು.

ಸಂಜೆ ಅವ್ವ ಬಂದಳು. ಎಲ್ಲ ಕೇಳಿ ತಿಳಿದುಕೊಂಡಳು. ಹೊಡೆದಿದ್ದರೆ ಚೆನ್ನಾಗಿತ್ತು, ಹೊಡೆಯಲಿಲ್ಲ. ಏಳೂ ಚೀಲ ಬಿಚ್ಚಿ, ನೀರಲ್ಲಿ ಹಿಂಡಿ, ತುಂಡಿಗೆ ತುಂಡು ಸೇರಿಸಿ ಹೊಲಿಯುತ್ತ ಕೂತಳು. ದಾರ ಪೋಣಿಸಿ ಕೊಡುವುದಕ್ಕೆ ಮಾತ್ರ ನನ್ನನ್ನು ಕರೆದಳು. "ಪೆಟ್ಗೆ ಖಾಲಿ ಕಾಣಬಾರದು" ಅಷ್ಟೇ ಅಂದಳು. ಅಪ್ಪ ಬಾಗಿಲಲ್ಲಿ ಕೂತು ಹಳಿ ನೋಡುತ್ತಿದ್ದ.

ಮರುದಿನ ಬೆಳಗ್ಗೆ ವಿಚಾರಣೆಗೆ ಸಾಹೇಬರು ಬಂದರು. ವಯಸ್ಸಾದವರು, ಜೋರು ಮನುಷ್ಯರೇನಲ್ಲ. ಅವ್ವ ಕೊಟ್ಟ ಟೀ ಕುಡಿದರು. ಪೆಟ್ಟಿಗೆ ತೆಗೆಸಿ ಒಂದು ಬಾವುಟ ಬಿಚ್ಚಿದರು. ತೇಪೆಗೆ ತೇಪೆ.

"ಇದೇನಪ್ಪ, ಕೌದಿನಾ?" ಅಂದರು. "ಯಾರು ಹರಿದಿದ್ದು ಇದನ್ನ?"

ನಾನು ಬಾಗಿಲ ಹಿಂದೆ ನಿಂತಿದ್ದೆ. ಬಾಗಿಲಿಗೂ ಅವರಿಗೂ ನಾಲ್ಕು ಹೆಜ್ಜೆ. ನಾನೇ ಸಾರ್ ಅನ್ನುವ ಮಾತು ಗಂಟಲಿನ ತನಕ ಬಂದಿತ್ತು. ಅಪ್ಪ ತಕ್ಷಣ ಉತ್ತರ ಕೊಡಲಿಲ್ಲ. ತಲೆ ತಗ್ಗಿಸಿ ನಿಂತಿದ್ದ. ಸಾಹೇಬರು ಇನ್ನೊಮ್ಮೆ ಕೇಳಿದರು. ಅಪ್ಪ ಒಂದು ಸಲ ಬಾಗಿಲ ಕಡೆ ನೋಡಿದ. ನಾನು ಇನ್ನಷ್ಟು ಗೋಡೆಗೆ ಒತ್ತಿಕೊಂಡೆ.

"ನಾನೇ ಸಾರ್" ಅಂದ ಅಪ್ಪ. "ಅಳಿಲಿನ ಕಾಟ ತಡೀಲಾರ್ದೆ ಕಾಯಿಗೆ ಕಟ್ಟಿದ್ದೆ. ತಪ್ಪಾತು."

ಸಾಹೇಬರು ಬಹಳ ಹೊತ್ತು ಅಪ್ಪನ ಮುಖ ನೋಡಿದರು. ನಂಬಿದ ಹಾಗೆ ಕಾಣಲಿಲ್ಲ. ಆದರೂ ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡರು, ಅಪ್ಪ ಸಹಿ ಹಾಕಿದ.

ಗಾಡಿ ನಿಲ್ಲಿಸಿದ್ದಕ್ಕೆ ಕೆಲಸ ಉಳಿಯಿತು, ಬಾವುಟ ಹರಿದದ್ದಕ್ಕೆ ಗೇಟು ಹೋಯಿತು. ಅಪ್ಪನನ್ನು ಹಳಿ ರಿಪೇರಿಯ ಗ್ಯಾಂಗಿಗೆ ಹಾಕಿದರು. ಹದಿನೈದು ದಿನದಲ್ಲಿ ನಾವು ಮನೆ ಬಿಟ್ಟು ಚಿಕ್ಕಜಾಜೂರಿನ ಬಾಡಿಗೆ ಕೋಣೆಗೆ ಬಂದೆವು. ಅವ್ವ ಉಳಿದ ನಾಲ್ಕು ಕಾಯಿಯನ್ನು ಗಿಡದಲ್ಲೇ ಬಿಟ್ಟು ಬಂದಳು, ಯಾರು ತಿಂದರೋ ಗೊತ್ತಿಲ್ಲ. ಅಲ್ಲಿಂದ ಮುಂದೆ ಅಪ್ಪ ಕತ್ತಲಿರುವಾಗ ಬುತ್ತಿ ಕಟ್ಟಿಸಿಕೊಂಡು ಹೋಗುತ್ತಿದ್ದ, ದೀಪ ಹಚ್ಚುವ ಹೊತ್ತಿಗೆ ಹಾರೆ ಹಿಡಿದು ಬೊಬ್ಬೆಯೆದ್ದ ಕೈಯಲ್ಲಿ ಬರುತ್ತಿದ್ದ. ಬಂದವನು ಉಂಡು ಮಲಗುತ್ತಿದ್ದ. ನನ್ನ ಮದುವೆಯಾಗುವ ತನಕ ಅಪ್ಪನ ಜೊತೆ ಕೂತು ಮಧ್ಯಾಹ್ನದ ಊಟ ಮಾಡಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಈಗ ಆ ಗೇಟೂ ಇಲ್ಲ, ಹಳಿಯ ಕೆಳಗೆ ರಸ್ತೆ ತೋಡಿದ್ದಾರೆ. ಅದು ಹೋದದ್ದಕ್ಕೆ ನನಗೆ ಅಂಥ ದುಃಖವಿಲ್ಲ. ನಾನು ಕಳೆದುಕೊಂಡದ್ದು ಅಪ್ಪನ ಹಗಲುಗಳನ್ನು, ಅದೂ ನನ್ನ ಕೈಯಾರೆ.

ಅಪ್ಪ ರಿಟೈರಾದ ಮೇಲೆ ಈಗ ನನ್ನ ಮನೆಗೆ ಬಂದು ಹೋಗಿ ಮಾಡುತ್ತಾನೆ. ಮೊಣಕಾಲು ಹೋಗಿವೆ. ಹೋದ ಬೇಸಿಗೆಯಲ್ಲಿ ಅವನ ಕಾಲಿಗೆ ಎಣ್ಣೆ ತಿಕ್ಕುತ್ತ, ಅಷ್ಟು ವರ್ಷ ಆಡದಿದ್ದ ಮಾತು ಆಡಿದೆ.

"ಅಪ್ಪ, ಅವತ್ತು ನೀನು ನನ್ನ ಉಳಿಸಾಕೆ ಸುಳ್ಳು ಹೇಳ್ದೆ ಅಲ್ವ?"

ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದ.

"ಮೊದ್ಲು ಹಂಗೇನಿರ್ಲಿಲ್ಲ ಕಣವ್ವ. ಹತ್ತು ವರ್ಸದ ಹುಡುಗಿ ಮಾಡಿದ್ದು ಅಂದ್ರೆ ಸಾಹೇಬ್ರು ಬೈದು ಬಿಟ್ಟುಬಿಡ್ತಿದ್ರು, ಗೇಟೂ ಉಳೀತಿತ್ತು. ನೀನೇ ಬಂದು ಹೇಳ್ತೀಯೇನೋ ಅಂತ ಎರಡು ಗಳಿಗೆ ಕಾದೆ. ನೀನು ಬರ್ಲಿಲ್ಲ."