ಸೊನ್ನೆಯ ಆಚೆಗಿನ ಮಿಡಿತ

ಕಣ್ಣಿಗೆ ಬಿದ್ದದ್ದನ್ನೆಲ್ಲ ಓದಿಬಿಡುವುದು ನನ್ನ ಹುಟ್ಟುಚಾಳಿ. ಕುವೈತಿನ ಶುವೈಖ್‌ನಲ್ಲಿದ್ದ ನಮ್ಮ ಕಚೇರಿಯ ದಾರಿಯಲ್ಲಿ ಟೈರಿನಂಗಡಿಯ ಅರಬಿ ಬೋರ್ಡನ್ನು, ಅರ್ಥವಾಗದಿದ್ದರೂ, ಬಲದಿಂದ ಎಡಕ್ಕೆ ಪಾರಾಯಣ ಮಾಡದೆ ಮುಂದೆ ಹೋದವನಲ್ಲ. ನೀವು ನಗಬಹುದು, ಇಂಥವನ ಕೈಗೆ ಪ್ರೋಗ್ರಾಂ ಬರೆಯುವ ಕೆಲಸ ಸಿಕ್ಕಿತು. ಲೋಕವೆಲ್ಲ ಅಕ್ಷರಮಯವೆಂದು ನಂಬಿದ ನಾನು, ಕಂಪ್ಯೂಟರಿಗೆ ಬಂದದ್ದನ್ನೆಲ್ಲ ಸ್ಟ್ರಿಂಗ್ ಎಂಬ ಅಕ್ಷರಸರದಲ್ಲಿ ಪೋಣಿಸತೊಡಗಿದೆ.

ತೊಂಬತ್ತರ ದಶಕದ ಕೊನೆಯ ಮಾತು. ಗರ್ಭದ ಮಗುವಿನ ಎದೆಬಡಿತ ಅಳೆಯುವ ಯಂತ್ರವೊಂದನ್ನು ನಮ್ಮವರು ಜಹ್ರಾದ ಕ್ಲಿನಿಕ್ಕೊಂದಕ್ಕೆ ಮಾರಿದ್ದರು. ಆ ಬಡಿತವನ್ನು ಕಂಪ್ಯೂಟರಿನ ಪರದೆಯ ಮೇಲೆ ಗೆರೆಯಾಗಿ ಮೂಡಿಸುವುದು ನನ್ನ ಪಾಲಿಗೆ ಬಂತು. ಯಂತ್ರ ಮೊದಲು ತಾಯಿಯ ಹೆಸರನ್ನು ಅಕ್ಷರಗಳಲ್ಲಿ ಕಳಿಸಿ, ಅದರ ಬೆನ್ನಿಗೇ ಬಡಿತದ ವೇಗವನ್ನು ಬರಿಯ ಸಂಖ್ಯೆಗಳ ಬೈಟುಗಳಾಗಿ ಕಳಿಸುತ್ತಿತ್ತು. ನಾನು ಎರಡನ್ನೂ ಒಂದೇ ಸರಕ್ಕೆ ಪೋಣಿಸಿದ್ದೆ.

ಪರೀಕ್ಷೆಗೆಂದು ಅಲ್ಲಿನ ನರ್ಸ್, ತುಂಬು ಬಸುರಿ ಲವೀನಾ ತಾವಾಗಿಯೇ ಮಲಗಿದರು. ಉಡುಪಿ ಕಡೆಯ ಕೊಂಕಣಿ ಮನೆಯವರು. ಹಿಂದಿನ ವರ್ಷ ಅವರ ಮಗುವೊಂದು ಹೊಟ್ಟೆಯಲ್ಲೇ ತೀರಿಹೋಗಿತ್ತು. ಹೆಸರು ಮೂಡಿತು, ಗೆರೆ ಕುಣಿಯಿತು, ಯಂತ್ರದ ಸ್ಪೀಕರಿನಲ್ಲಿ ಗಡಿಬಿಡಿಯ ಟಕಟಕ ಕೇಳಿಸಿತು. ಥಟ್ಟನೆ ಸದ್ದೂ ಗೆರೆಯೂ ನಿಂತವು. ಜೊತೆಯ ನರ್ಸ್ ಓಡಿಬಂದು ಹೊಟ್ಟೆಗೆ ಕಟ್ಟಿದ್ದ, ಬಡಿತ ಆಲಿಸುವ ಪಟ್ಟಿ ಜಾರಿದ್ದನ್ನು ಸರಿಪಡಿಸಿದಳು. ಸದ್ದು ಮರಳಿತು, ಗೆರೆ ಮಾತ್ರ ಮರಳಲಿಲ್ಲ.

“ಎಂತ ಸರ್ ಇದು? ನಾನು ಕಿವಿಯನ್ನು ನಂಬುದಾ, ಕಂಪ್ಯೂಟರನ್ನು ನಂಬುದಾ?” ಲವೀನಾರ ಮುಖ ಬಿಳುಚಿತ್ತು.

“ಕಿವಿಯನ್ನೇ ನಂಬಿ” ಎಂದೆ. ಹೇಳಿದವನೇ ಕಂಪ್ಯೂಟರಿನ ಮುಂದೆ ಕೂತೆ.

ಯಂತ್ರ ಕಳಿಸಿದ್ದೆಲ್ಲ ಕಡತವೊಂದರಲ್ಲಿ ಇದ್ದ ಹಾಗೇ ಉಳಿದಿತ್ತು. ಬೈಟುಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಪಟ್ಟಿ ಜಾರಿದ ಗಳಿಗೆಯಲ್ಲಿ ಯಂತ್ರ, ತನಗೇನೂ ಕೇಳಿಸುತ್ತಿಲ್ಲವೆಂದು ಪ್ರಾಮಾಣಿಕವಾಗಿ ಸೊನ್ನೆ ಕಳಿಸಿತ್ತು. ನಾನು ಬಳಸುತ್ತಿದ್ದ ಭಾಷೆಯಲ್ಲೋ, ಸ್ಟ್ರಿಂಗಿನ ನಡುವೆ ಸೊನ್ನೆ ಬಂದರೆ ಬರಹ ಮುಗಿಯಿತು, ಖಲಾಸ್! ಆ ಸೊನ್ನೆಯ ಆಚೆ ಬಡಿತ ಸಾಲುಸಾಲಾಗಿ ಬರುತ್ತಲೇ ಇತ್ತು. ನನ್ನ ಪ್ರೋಗ್ರಾಂ ಮಾತ್ರ ಪುಸ್ತಕ ಮುಚ್ಚಿ ಎದ್ದುಹೋಗಿತ್ತು. ಮೈ ಜುಮ್ಮೆಂದಿತು. ಯಾವ ಅಕ್ಷರಕ್ಕೂ ದಕ್ಕದ, ಇನ್ನೂ ಹೆಸರೇ ಇಲ್ಲದ ಜೀವವೊಂದು, ನಾನು ಓದಲಿ ಬಿಡಲಿ, ತನ್ನ ಪಾಡಿಗೆ ತಾನು ಬಡಿದುಕೊಳ್ಳುತ್ತಿತ್ತು. ಅದರ ಮುಂದೆ ನಾನು ಬಹಳ ಚಿಕ್ಕವನೆನಿಸಿತು, ಆದರೂ ಸಂತೋಷವಾಯಿತು.

ಸ್ಟ್ರಿಂಗಿನ ಮೋಹ ಬಿಟ್ಟು, ಎಷ್ಟು ಬೈಟು ಬಂದವೆಂದು ಎಣಿಸಿಕೊಂಡೇ ಓದುವಂತೆ ತಿದ್ದಿ, ಅದೇ ಮಧ್ಯಾಹ್ನ ಆ ಕಡತವನ್ನು ಮತ್ತೆ ಹರಿಸಿದೆ. ಗೆರೆ ಬಂತು, ನಡುವೆ ಚೂರು ಖಾಲಿ, ಮತ್ತೆ ಗೆರೆ, ಪರದೆಯ ತುದಿಯವರೆಗೆ. ಲವೀನಾ ಗೆರೆಯನ್ನು ಬಿಟ್ಟು ಆ ಖಾಲಿ ಜಾಗದ ಮೇಲೆ ಬೆರಳಿಟ್ಟರು.

“ಇಲ್ಲಿ ಮಗು ಒದ್ದದ್ದು ಸರ್, ಅದಕ್ಕೇ ಪಟ್ಟಿ ಜಾರಿದ್ದು. ನನಗೆ ಗೊತ್ತಾಗಿತ್ತು. ಹೆದರಿಕೆಯಲ್ಲಿ ಮರೆತೇಬಿಟ್ಟೆ.”