ಹುಬ್ಬಳ್ಳಿಯಲ್ಲೊಂದು ಖಾಲಿ ಕುರ್ಚಿ

ಮಾಳಮಡ್ಡಿಯಿಂದ ನಡೆದು ಧಾರವಾಡದ ಬಸ್ ನಿಲ್ದಾಣ ಮುಟ್ಟಿದಾಗ ಮಧ್ಯಾಹ್ನದ ಜಿಟಿಜಿಟಿ ಮಳೆ ನಿಂತಿತ್ತು. ಹುಬ್ಬಳ್ಳಿಗೆ ಹನ್ನೆರಡು ಮೈಲಿ. ಟಿಕೀಟಿಗೆ ಅರ್ಧ ರೂಪಾಯಿ. ನನ್ನ ಚೀಲದಲ್ಲಿ ಒಂದು ಸೀರೆ ಮತ್ತು ಒಂದು ಆರೋಪಪತ್ರವಿದ್ದವು. ಗೋವೆಯ ಗಡಿಗೆ ಹತ್ತಿದ ನಮ್ಮ ಹಳ್ಳಿಯೊಂದರ ಸಂತೆಯಲ್ಲಿ ಬಾಂಬು ಸಿಡಿದು ಜನ ಸತ್ತಿದ್ದರು. ಅದರ ಹಿಂದೆ ಗೋವೆಯನ್ನಾಳುವ ಪೋರ್ತುಗೀಜ ಸರಕಾರದ ಕೈಯಿದೆಯೆಂಬುದು ಆರೋಪ. ತನಗೇನೂ ಗೊತ್ತಿಲ್ಲವೆಂದು ಹೇಳಿ ಆ ಸರಕಾರ ಸುಮ್ಮನಾಗಿತ್ತು. ಹುಬ್ಬಳ್ಳಿಯ ಗೆಳೆಯರು ಇದರ ಮೇಲೆ ಅಣಕು ನ್ಯಾಯಾಲಯವೊಂದನ್ನು ಏರ್ಪಡಿಸಿ, ಆರೋಪ ಮಂಡಿಸಲು ನನ್ನನ್ನು ಕರೆದಿದ್ದರು.

ನಾನು ಹಾಳೆಗಳನ್ನು ತಿರುವುತ್ತಿರುವುದನ್ನು ಕಂಡು ಕಂಡಕ್ಟರ್ ಕೇಳಿದ: "ಯಾರ ಮ್ಯಾಲ ಖಟ್ಲೇರಿ ಅಕ್ಕಾರ?"

"ಒಂದು ಪರದೇಶಿ ಸರಕಾರದ ಮ್ಯಾಲ."

"ಅದು ಹುಬ್ಬಳ್ಳಿಗೆ ಬರ್ತದೇನ್ರಿ?"

"ಬರೂದಿಲ್ಲ. ಆದ್ರ ಕರ್ಯೂದು ನಮ್ಮ ಕೆಲಸ."

"ಬಂದ್ರ ಹೇಳ್ರಿ, ಅರ್ಧಾ ಟಿಕೀಟಿನ್ಯಾಗ ಕೂಡಸ್ತೇನಿ!" ಬಸ್ಸೆಲ್ಲ ನಕ್ಕಿತು. ಉಣಕಲ್ ಕೆರೆ ದಾಟುವಾಗ ಮತ್ತೆ ಹನಿಯಿತು.

ಕಮರಿಪೇಟೆಯ ಶಾಲೆಯೊಂದರ ಪಡಸಾಲೆ ಆಗಲೇ ತುಂಬಿತ್ತು. ಗಿರಮಿಟ್ಟು, ಚಹಾ ಮುಗಿಸಿ ವೇದಿಕೆ ಹತ್ತಿದವಳು ಅಲ್ಲೇ ನಿಂತುಬಿಟ್ಟೆ. ಖಾಲಿ ಇರಬೇಕಾಗಿದ್ದ ಆರೋಪಿಯ ಕುರ್ಚಿಯಲ್ಲಿ ಮನುಷ್ಯನೊಬ್ಬ ತಲೆ ತಗ್ಗಿಸಿ ಕುಳಿತಿದ್ದ. ಸಭೆಯ ಮುಂದಾಳು, ಹವ್ಯಾಸಕ್ಕೆ ನಾಟಕವಾಡುವ ಹತ್ತಿ ವ್ಯಾಪಾರಿ ಚನಬಸಪ್ಪನವರು ಉತ್ಸಾಹದಿಂದಲೇ ಹೇಳಿದರು: "ಆರೋಪಿ ಇಲ್ಲದ ಕೋರ್ಟು ನೋಡಾಕ ಭಣಭಣ ಅನಸ್ತದರಿ. ಅದಕ್ಕ ನಮ್ಮ ಓಣ್ಯಾಗ ಪಾವು-ಬ್ರೆಡ್ಡು ಸುಟ್ಟು ಮಾರೂ ಆಂತೋನನ್ನ ಕೂಡಿಸೇವಿ. ಗೋವಾ ಬಿಟ್ಟು ಓಡಿಬಂದಾಂವ, ಈ ಪಾತ್ರಕ್ಕ ಛಲೋ ಒಪ್ಪತಾನ."

"ಯಾಕ ಒಪ್ಪಿದಿ ಆಂತೋನ?" ಎಂದು ಕೇಳಿದೆ.

"ಒಲ್ಲೆ ಅಂದ್ರ, ಕಳ್ಳ ಅದಾನ, ಅದಕ್ಕ ಒಲ್ಲೆ ಅಂತಾನ ಅಂತಿದ್ರು ಮಂದಿ," ಎಂದ. "ಬಾಂಬ್ ಸಿಡಿದಾಗಿಂದ ನನ್ನ ಪಾವು ಯಾರೂ ಮುಟ್ಟವಲ್ರು. ನಾಳೆ ಭಟ್ಟಿ ಹಚ್ಚಬೇಕೋ, ಊರ ಬಿಡಬೇಕೋ ತಿಳೀವಲ್ದು. ಆ ಸಂತ್ಯಾಗ ನನ್ನ ತಂಗಿ ಗಂಡನೂ ಸತ್ತಾನ್ರಿ. ಅದನ್ನ ಯಾರೂ ಕೇಳಲಿಲ್ಲ."

ಚನಬಸಪ್ಪನವರ ಕೈ ತಾನಾಗಿ ಟೊಪ್ಪಿಗೆಗೆ ಹೋಯಿತು.

ನಾನು ಆಂತೋನನನ್ನು ಎಬ್ಬಿಸಿ ಸಾಕ್ಷಿಯ ಜಾಗದಲ್ಲಿ ನಿಲ್ಲಿಸಿ ವಾದ ಆರಂಭಿಸಿದೆ. ಒಂದು ಸರಕಾರದ ಮೇಲಿನ ಆರೋಪವನ್ನು ಅದರ ಆಳ್ವಿಕೆಯಿಂದ ಓಡಿಬಂದವನ ಹೆಗಲಿಗೆ ಹೊರಿಸುವುದೆಂದರೆ ನಿಜವಾದ ಆರೋಪಿಗೆ ತಪ್ಪಿಸಿಕೊಳ್ಳಲು ಬಾಗಿಲು ತೆರೆದಂತೆ ಎಂದೆ. ಪ್ರತಿವಾದಿಯ ಪರ ನಿಂತ ತರುಣ ವಕೀಲ ಮೇಜು ಗುದ್ದಿದ: "ಸರಕಾರಾನs ಮಾಡಿಸಿತು ಅನ್ನಾಕ ಪುರಾವೆ ಎಲ್ಲಿ ಐತ್ರಿ?"

ಪುರಾವೆ ಪೂರ್ತಿಯಾಗಿಲ್ಲವೆಂದು ಒಪ್ಪಿದೆ. ಸಂಶಯ ತೀರ್ಪಲ್ಲ, ಆದರೆ ಪ್ರಶ್ನೆ ಕೇಳಲು ಅದು ಸಾಕು. ಬಾಂಬು ಯಾರ ಉಗ್ರಾಣದಿಂದ ಬಂತು, ಗಡಿಯ ಕಾವಲನ್ನು ದಾಟಿದ್ದು ಹೇಗೆ? ಗೊತ್ತಿಲ್ಲವೆಂಬುದು ಮನುಷ್ಯನೊಬ್ಬನ ಉತ್ತರವಾಗಬಹುದು, ಸೈನ್ಯವನ್ನಿಟ್ಟುಕೊಂಡ ಸರಕಾರದ್ದಾಗಲಾರದು. ಗೊತ್ತಿಲ್ಲವಾದರೆ ತನಿಖೆಗೆ ಗಡಿ ತೆರೆದು ಗೊತ್ತುಮಾಡಿಕೊಡಲಿ. ಉತ್ತರ ಬರುವವರೆಗೆ ಆ ಕುರ್ಚಿಯಲ್ಲಿ ಬೇರೆ ಯಾರೂ ಕೂರಕೂಡದು.

ಇದನ್ನೇ ಠರಾವಾಗಿ ಮಂಡಿಸಿದಾಗ ಕೈಗಳೆದ್ದವು. ವಕೀಲನೂ ಎತ್ತಿದ. ಜಾಗವಿಲ್ಲದೆ ಗೋಡೆಗೆ ಆತು ನಿಂತವರಲ್ಲೂ ಒಬ್ಬರೂ ಆ ಕುರ್ಚಿಯತ್ತ ಸುಳಿಯಲಿಲ್ಲ. ಸಭೆ ಮುಗಿದಾಗ ಚನಬಸಪ್ಪನವರು ಆಂತೋನನ ಬಳಿ ಬಂದು, "ತಪ್ಪಾತಪಾ. ನಾಳೆ ಮುಂಜಾನೆ ಮನಿಗೆ ಪಾವು ಕಳಸು. ನಾನs ಬಾಗಲದಾಗ ನಿಂತು ತಗೊಂತೇನಿ, ಓಣಿ ಮಂದಿ ನೋಡ್ಲಿ," ಎಂದರು.

"ಬಿಸೀನs ಕಳಸ್ತೇನ್ರಿ," ಎಂದ ಆಂತೋನ.

ರಾತ್ರಿ ಅದೇ ಓಣಿಯ ಸೋದರತ್ತೆಯ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಬಸ್ಸಿಗೆ ಹೊರಟಾಗ ಹೆಂಚುಗಳ ಮೇಲೆ ಭಟ್ಟಿಯ ಹೊಗೆ ಏಳುತ್ತಿತ್ತು; ಬೆಂದ ಹಿಟ್ಟಿನ ವಾಸನೆ ಓಣಿಯ ತಿರುವಿನವರೆಗೂ ಜೊತೆಗೆ ಬಂತು. ಬಸ್ಸಿನಲ್ಲಿ ನಿನ್ನೆಯ ಕಂಡಕ್ಟರೇ ಇದ್ದ.

"ಬಂತೇನ್ರಿ ಅಕ್ಕಾರ, ನಿಮ್ಮ ಸರಕಾರ?"

"ಇಲ್ಲ. ಕುರ್ಚಿ ಇಟ್ಟ ಬಂದೇನಿ."

"ಖಾಲಿ ಕುರ್ಚಿ ಕಂಡ್ರ ಯಾರರೆ ಕುಂತಾರ್ರಿ."

"ಇನ್ನ ಕೂಡ್ರಾಕ ಬಿಡೂದಿಲ್ಲ," ಎಂದೆ. ಆತ ಟಿಕೀಟು ಹರಿದು ಕೊಟ್ಟು, ಸೀಟಿ ಊದಿದ.