ತಗಡಿನ ಕೈ

ಕಾರುಗಳಿಗಿನ್ನೂ ತಿರುವಿನ ದೀಪ ಬಂದಿರದ ಕಾಲ. ತಿರುಗುವಾಗ ಡ್ರೈವರು ಕಿಟಕಿಯಿಂದ ಕೈ ಚಾಚಬೇಕಿತ್ತು. ಬೀದಿಗೆಲ್ಲ ರೇಡಿಯೋ ಅಕ್ಕ ಎಂದೇ ಹೆಸರಾಗಿದ್ದ ರಿಪೇರಿಯವಳ ತಮ್ಮ ಟ್ಯಾಕ್ಸಿ ಓಡಿಸುತ್ತಿದ್ದ. ಒಂದು ದಿನ ಭುಜ ಹಿಡಿದುಕೊಂಡು ಅವನ ಕೈ ಮೇಲೇಳದಾಯಿತು. ಕೆಲಸ ಬಿಡುತ್ತೇನೆಂದು ಮುಖ ಸಪ್ಪೆ ಮಾಡಿಕೊಂಡು ಕೂತ.

"ಕೈ ತಾನೇ? ನಾನು ಮಾಡ್ಕೊಡ್ತೀನಿ, ಸುಮ್ನಿರೋ," ಎಂದಳು ಅಕ್ಕ.

ಬಿಸ್ಕತ್ತಿನ ಡಬ್ಬಿ ಕತ್ತರಿಸಿ ಗೇಣುದ್ದದ ಕೈ ಮಾಡಿ, ತುದಿಗೆ ಕೆಂಪು ಬಲ್ಬು ಕೂರಿಸಿ, ಬಾಗಿಲ ಪಕ್ಕಕ್ಕೆ ಜೋಡಿಸಿದಳು. ಒಳಗಿಂದ ತಂತಿ ಎಳೆದರೆ ಕೈ ಎದ್ದು ದೀಪ ಹೊತ್ತುತ್ತಿತ್ತು.

ಮರುದಿನ ಅವಳೂ ಜೊತೆಗೆ ಹೊರಟಳು. ಮೊದಲ ಚೌಕದಲ್ಲೇ ಪೊಲೀಸಿನವ ಸೀಟಿ ಊದಿ ತಡೆದ. ತಗಡಿನ ಕೈಯತ್ತ ಬೆರಳು ಮಾಡಿದ.

"ಏನಯ್ಯಾ ಇದು?"

"ಕೈ, ಸ್ವಾಮಿ," ತಮ್ಮ ತೊದಲಿದ.

"ಇನ್ನೊಂದ್ಸಲ ಎತ್ತು, ನೋಡೋಣ."

ಕೈ ಟಪ್ಪೆಂದು ಎದ್ದಿತು. ಪೊಲೀಸಿನವ ಬಿದ್ದು ಬಿದ್ದು ನಕ್ಕ. ನಾಲ್ಕು ಸಲ ಎತ್ತಿಸಿದ. ಹಿಂದಿನ ಗಾಡಿಯವರೂ ಇಳಿದು ಬಂದು ಸುತ್ತ ನೆರೆದರು.

"ಯಾರು ಮಾಡಿದ್ದು?"

"ನಾನೇ," ಎಂದಳು ಅಕ್ಕ.

"ಭಲೇ ತಾಯಿ! ದಿನವಿಡೀ ಕೈ ಎತ್ತಿ ಎತ್ತಿ ನಂಗೂ ಸಾಕಾಗಿದೆ. ನಂಗೊಂದು ಜೊತೆ ಮಾಡ್ಕೊಡಮ್ಮ!"

ಆ ವಾರವೇ ಸ್ಟ್ಯಾಂಡಿನ ಎಂಟು ಟ್ಯಾಕ್ಸಿಗಳು ಅವಳ ಬಾಗಿಲಿಗೆ ಬಂದು ನಿಂತವು. ರಿಪೇರಿಗೆ ಬಂದಿದ್ದ ರೇಡಿಯೋಗಳೆಲ್ಲ ಅಟ್ಟ ಸೇರಿದವು.